ಕಪ್ಪು ಕಲ್ಲಿನ ಮೇಲೆ ಮರೆತಿಟ್ಟ ಹೆಜ್ಜೆ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಮಕ್ಕಳ ಮೂಳೆ ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಒಬ್ಬ ಹೆಂಗಸು ಮಂಡಿಯೂರಿ ನೆಲ ಒರೆಸುತ್ತಿದ್ದಾರೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ, ಅದಾದ ಮೇಲೆ ಬರಿಗೈ. ಕಪ್ಪು ಕಲ್ಲಿನ ಮೇಲೆ ಅಂಗೈ ಸವರಿ ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಾರೆ. ಸೋಪಿನ ವಾಸನೆ ಬಂದರೆ ಮತ್ತೆ ಮೊದಲಿನಿಂದ ಶುರು.

"ಸೋಪಿನ ಜಿಡ್ಡು ಉಳಿದರೆ ನೀರು ಹರಡಿಬಿಡುತ್ತೆ. ಹೆಜ್ಜೆಯ ಅಂಚು ಕಾಣಲ್ಲ," ಎನ್ನುತ್ತಾ ಏಳುತ್ತಾರೆ. ಏಳುವುದೇನು ಸುಲಭವಲ್ಲ. ಒಂದು ಕೈ ಗೋಡೆಗೆ, ಇನ್ನೊಂದು ಕೈ ಮಂಡಿಗೆ, ಬಾಯಲ್ಲೊಂದು "ಅಯ್ಯಪ್ಪಾ". ಎದ್ದು ನಿಂತ ಮೇಲೆ ಮಾತ್ರ ಮುಖದಲ್ಲಿ ನೋವಿನ ಸುಳಿವೇ ಇಲ್ಲ. ಮೂಲೆಯಲ್ಲಿ ಕೆಟಲ್ ಕುದಿಯುತ್ತಿದೆ. ಅಗಲವಾದ ಸ್ಟೀಲ್ ಟ್ರೇಯಲ್ಲಿ ಎರಡು ಬೆರಳು ಆಳಕ್ಕೆ ತಣ್ಣೀರು ಹಾಕಿ, ಅದಕ್ಕೆ ಕುದಿನೀರು ಬೆರೆಸಿ, ಎಳೆಮಗುವಿನ ಸ್ನಾನಕ್ಕೆ ನೋಡುವ ಹಾಗೆ ಮೊಣಕೈ ಅದ್ದಿ ನೋಡುತ್ತಾರೆ.

ಕಾಲು ಒದ್ದೆ ಮಾಡುವುದಕ್ಕೆ ಬಿಸಿನೀರಿನ ಉಪಚಾರವೇಕೆ ಅಂತ, ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ ನಗುತ್ತಾರೆ. "ತಣ್ಣೀರಲ್ಲಿ ಕಾಲಿಟ್ಟರೆ ಮಕ್ಕಳು ಬೆರಳು ಮುದುಡಿಕೊಳ್ತವೆ. ಬೆರಳು ಮುದುಡಿದರೆ ಪಾದ ಕಮಾನಿನ ಹಾಗೆ ಮೇಲೇಳುತ್ತೆ. ಅದು ಚಳಿ ಮಾಡಿದ ಕಮಾನು, ಕಾಲು ಮಾಡಿದ್ದಲ್ಲ. ಅದನ್ನ ನೋಡಿ ನಾವು ಖುಷಿಪಟ್ಟರೆ ಬೆಪ್ಪುತಕ್ಕಡಿಗಳಾಗ್ತೀವಿ ಅಷ್ಟೆ."

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ನೀರಕ್ಕ ಅಂತ. ಮನೆಯಲ್ಲಿಟ್ಟ ಹೆಸರು ಬೇರೆ ಇದೆ, ಆದರೆ ಆ ಹೆಸರಿನಿಂದ ಕೂಗಿದರೆ ಅವರೇ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಹಿಂದೆ ತಿರುಗಿ ನೋಡುತ್ತಾರಂತೆ. ವಯಸ್ಸು ಐವತ್ತು ದಾಟಿದೆ. ಕೊರಳಿಗೆ ತೂಗುಹಾಕಿಕೊಂಡ ಗುರುತುಚೀಟಿಯಲ್ಲಿ ಇವತ್ತಿಗೂ 'ಸ್ವಚ್ಛತಾ ಸಿಬ್ಬಂದಿ' ಎಂದೇ ಇದೆ. ಅವರು ಸ್ವಚ್ಛ ಮಾಡುವುದು ನಿಜ. ಆದರೆ ಇಲ್ಲಿಗೆ ಬರುವ ಮಕ್ಕಳ ಮಟ್ಟಿಗೆ ಅವರ ಕೆಲಸ ಹೆಜ್ಜೆ ನೋಡುವುದು.

ಒದ್ದೆ ಕಾಲಿನಲ್ಲಿ ನಡೆದಾಗ ನೆಲದ ಮೇಲೆ ಹೆಜ್ಜೆ ಮೂಡುವುದನ್ನು ನಾವೆಲ್ಲ ಬಚ್ಚಲಿನ ಹೊರಗೆ ನೋಡಿದ್ದೇವೆ. ಸಾಮಾನ್ಯವಾಗಿ ಹಿಮ್ಮಡಿ, ಹೊರಬದಿಯಲ್ಲೊಂದು ಪಟ್ಟಿ, ಮುಂಗಾಲು, ಐದು ಬೆರಳು ಮೂಡುತ್ತವೆ. ನಡುವೆ ಒಳಬದಿಯ ಜಾಗ ಒಣಗಿರುತ್ತದೆ, ಏಕೆಂದರೆ ಪಾದ ಅಲ್ಲಿ ಕಮಾನಿನಂತೆ ಎದ್ದಿರುತ್ತದೆ. ಕೆಲವು ಮಕ್ಕಳಲ್ಲಿ ಆ ಕಮಾನು ಕೂತಾಗ ಇರುತ್ತದೆ, ತುದಿಗಾಲಲ್ಲಿ ನಿಂತಾಗಲೂ ಇರುತ್ತದೆ, ಪಾದ ಊರಿ ನಿಂತ ತಕ್ಷಣ ಮಾಯವಾಗುತ್ತದೆ. ಅಂಥವರ ಹೆಜ್ಜೆ ನೆಲದ ಮೇಲೆ ಇಡಿಯಾಗಿ ಅಂಟುತ್ತದೆ. ಇವರಲ್ಲಿ ಬಹುಪಾಲು ಮಕ್ಕಳಿಗೆ ಏನೂ ತೊಂದರೆ ಇರುವುದಿಲ್ಲ, ಬೆಳೆಯುತ್ತಾ ಸರಿಹೋಗುವವರೇ ಹೆಚ್ಚು. ಕೆಲವರಿಗೆ ಮಾತ್ರ ನಡೆದರೆ ನೋವು, ಆಡಿದರೆ ನೋವು, ಸಂಜೆಯಾದರೆ ಕಾಲು ಹಿಡಿದುಕೊಂಡು ಅಳು. ವ್ಯಾಯಾಮಕ್ಕೂ ಶೂ ಒಳಗಿನ ಮೆತ್ತೆಗೂ ಜಗ್ಗದ ನೋವು ಅದು. ಅಂಥವರಿಗೆ ಡಾಕ್ಟರು ಹಿಮ್ಮಡಿ ಮೂಳೆಗೂ ಅದರ ಮೇಲಿನ ಮೂಳೆಗೂ ನಡುವೆ ಇರುವ ಪುಟ್ಟ ಟೊಳ್ಳಿನಲ್ಲಿ ಒಂದು ಲೋಹದ ತುಂಡು ಕೂರಿಸುತ್ತಾರೆ. ಕಿರುಬೆರಳ ತುದಿಯಷ್ಟು ಗಾತ್ರ, ಮೈಮೇಲೆ ಸ್ಕ್ರೂವಿನಂಥ ಸುತ್ತುಗಳು. ಪಾದ ಒಳಕ್ಕೆ ಕುಸಿಯದಂತೆ ಅದು ತಡೆಯುತ್ತದೆ. ಆಸ್ಪತ್ರೆಯ ಭಾಷೆಯಲ್ಲಿ ಇಂಪ್ಲಾಂಟ್, ಈ ಕೋಣೆಯಲ್ಲಿ ಬರೀ ಸ್ಕ್ರೂ.

"ಚಪ್ಪಟೆ ಪಾದ ಅಂದ ಕೂಡಲೇ ಸ್ಕ್ರೂ ಹಾಕಿಸ್ಬೇಕು ಅಂತ ಓಡಿ ಬರ್ತಾರೆ," ಎನ್ನುತ್ತಾ ನೀರಕ್ಕ ತಮ್ಮ ಚಪ್ಪಲಿ ಕಳಚಿ ಟ್ರೇಯಲ್ಲಿ ಕಾಲದ್ದಿ ಕಲ್ಲಿನ ಮೇಲೆ ಇಡುತ್ತಾರೆ. ಇಡೀ ಪಾದ ಅಚ್ಚೊತ್ತಿದಂತೆ ಮೂಡುತ್ತದೆ. "ನೋಡಿ, ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಿಲ್ವಾ? ಇದೇ ಕಾಲಲ್ಲಿ ಮೂವತ್ತು ವರ್ಷದಿಂದ ಈ ಆಸ್ಪತ್ರೆ ಸುತ್ತಿದೀನಿ. ಮಂಡಿ ನೋಯುತ್ತೆ, ಪಾದ ಒಂದು ದಿನಾನೂ ನೋಯಲಿಲ್ಲ. ಗಾಬರಿಯಾಗಿ ಬಂದ ಅಮ್ಮಂದಿರಿಗೆ ಮೊದಲು ನನ್ನ ಕಾಲೇ ತೋರಿಸೋದು. ಡಾಕ್ಟರ್ ಹೇಳಿದ್ದು ಆಮೇಲೆ ಕಿವಿಗೆ ಹೋಗುತ್ತೆ."

ನನಗೂ ಆಸೆಯಾಗಿ ಬೂಟು ಬಿಚ್ಚಿ, ನೀರಲ್ಲಿ ಕಾಲದ್ದಿ, ಗಂಭೀರವಾಗಿ ನಾಲ್ಕು ಹೆಜ್ಜೆ ನಡೆಯುತ್ತೇನೆ. ನನ್ನ ಸ್ವಭಾವ, ಭವಿಷ್ಯ ಏನಾದರೂ ಹೇಳಬಹುದೆಂದು ಕಾಯುತ್ತೇನೆ. ನೀರಕ್ಕ ಬಗ್ಗಿ ನೋಡಿ, "ನಿಮಗೆ ಎರಡು ಕಾಲಿದೆ ಅಂತ ಗೊತ್ತಾಗುತ್ತೆ," ಎಂದು ಒರೆಸಿಬಿಡುತ್ತಾರೆ.

ಹೆಜ್ಜೆ ನೋಡುವ ಕೆಲಸಕ್ಕೆ ಅವರು ಅರ್ಜಿ ಹಾಕಿಕೊಂಡು ಬಂದವರಲ್ಲ. ಮದುವೆಯಾದ ಹೊಸತರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಒರೆಸಿದ ನೆಲದ ಮೇಲೆ ಮಕ್ಕಳು ಓಡಾಡುವುದು, ಇವರು ಗದರುವುದು, ದಿನಾ ಇದೇ ರಾಮಾಯಣ. ಆಗ ಇಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದ ವಯಸ್ಸಾದ ಮೇಷ್ಟ್ರೊಬ್ಬರು ಒಂದು ದಿನ, "ಒರೆಸಬೇಡಮ್ಮಾ, ತಡಿ," ಎಂದು ಕೂಗಿ, ನೆಲದ ಮೇಲೆ ಮೂಡಿದ ಒಬ್ಬ ಹುಡುಗನ ಹೆಜ್ಜೆಯ ಮುಂದೆ ಕುಕ್ಕರುಗಾಲಲ್ಲಿ ಕೂತರಂತೆ. ಇವರೂ ಪಕ್ಕದಲ್ಲಿ ಕೂತು ಇಣುಕಿದರು. ಮೇಷ್ಟ್ರು ನಿವೃತ್ತಿಯಾಗಿ ಹೋದರು, ಇವರು ಕೂತವರು ಏಳಲೇ ಇಲ್ಲ. ಈಗಿರುವ ಫಿಸಿಯೋಥೆರಪಿ ಮೇಡಂ ವ್ಯಾಯಾಮ ಮಾಡಿಸುತ್ತಾರೆ, ನೀರಕ್ಕ ಹೆಜ್ಜೆ ನೋಡಿ ಅವರಿಗೆ ವರದಿ ಒಪ್ಪಿಸುತ್ತಾರೆ. ದಿನಕ್ಕೆ ಹದಿನೈದು ಇಪ್ಪತ್ತು ಮಕ್ಕಳು ಬರುತ್ತಾರೆ. ಪ್ರತಿ ಮಗುವಿಗೂ ಮಂಡಿಯೂರಬೇಕು, ಕಾಲು ಒರೆಸಬೇಕು, ಮತ್ತೆ ಕಲ್ಲು ಒಣಗಿಸಬೇಕು. ಮಂಡಿಯ ಚಿಪ್ಪು ಸವೆದಿದೆ ಅಂತ ಇದೇ ಆಸ್ಪತ್ರೆಯ ಡಾಕ್ಟರು ಹೇಳಿ ಎರಡು ವರ್ಷವಾಯಿತು. ನೀರಕ್ಕ ಮೆತ್ತನೆಯ ಗೋಣಿತಾಟೊಂದನ್ನು ಮಡಿಸಿ ಮಂಡಿಯ ಕೆಳಗೆ ಇಟ್ಟುಕೊಂಡಿದ್ದಾರೆ. ಅವರ ಪಾಲಿಗೆ ಚಿಕಿತ್ಸೆ ಅಲ್ಲಿಗೆ ಮುಗಿಯಿತು.

ಅವರ ಯಜಮಾನರು ಇದೇ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಾರೆ. ಬೆಳಿಗ್ಗೆ ಇಬ್ಬರೂ ಒಂದೇ ಬುತ್ತಿ ಹಿಡಿದು ಬರುತ್ತಾರೆ. ಹೆಂಡತಿಯ ಬಗ್ಗೆ ಒಂದೆರಡು ಮಾತು ಹೇಳಿ ಎಂದರೆ ಅವರು ಲಿಫ್ಟಿನ ಬಾಗಿಲು ಹಿಡಿದುಕೊಂಡು ಯೋಚಿಸುತ್ತಾರೆ. "ನಾನು ಜನರನ್ನ ಕಾಲಾಡಿಸದ ಹಾಗೆ ಮೇಲಕ್ಕೆ ಕರ್ಕೊಂಡು ಹೋಗೋನು. ಇವಳು ಹಿಡಿದು ಹಿಡಿದು ನಡೆಸೋಳು. ನಮ್ಮಿಬ್ಬರಿಗೂ ಹೇಗೆ ಹೊಂದಿಕೆಯಾಯ್ತೋ ಆ ದೇವರೇ ಬಲ್ಲ." ಅಷ್ಟು ಹೇಳಿ ಬಾಗಿಲು ಮುಚ್ಚಿಕೊಂಡು ಮೇಲೆ ಹೋಗುತ್ತಾರೆ.

ಗಂಟೆ ಎಂಟಾಗುವ ಹೊತ್ತಿಗೆ ಕೋಣೆಯ ಬಾಗಿಲ ಬಳಿಯ ಬೆಂಚು ತುಂಬಿದೆ. ಮೊದಲು ಬರುವವಳು ಹತ್ತು ವರ್ಷದ ಹುಡುಗಿ. ಅಪ್ಪ ಅವಳನ್ನು ಚೂಟಿ ಅಂತ ಕರೆಯುತ್ತಾರೆ, ಹಾಗಾಗಿ ಎಲ್ಲರಿಗೂ ಅವಳು ಚೂಟಿಯೇ. ಅಪ್ಪ ಬಸ್ ಡ್ರೈವರ್, ರಾತ್ರಿ ಪಾಳಿ ಮುಗಿಸಿ ಖಾಕಿಯಲ್ಲೇ ಬಂದಿದ್ದಾರೆ. ಕಣ್ಣು ಕೆಂಪಾಗಿದೆ, ಹುರುಪು ಮಾತ್ರ ಒಂಚೂರೂ ಕಡಿಮೆಯಾಗಿಲ್ಲ. ಚೂಟಿಯ ಎಡಗಾಲಿಗೆ ಸ್ಕ್ರೂ ಕೂರಿಸಿ ಮೂರು ತಿಂಗಳಾಗಿದೆ. ಗಾಯ ಮಾಗಿದೆ, ಎಕ್ಸ್‌ರೇಯಲ್ಲಿ ಸ್ಕ್ರೂ ಇಟ್ಟ ಜಾಗದಲ್ಲೇ ಇದೆ. ಮುಂದಿನ ವಾರ ಬಲಗಾಲಿನ ಸರದಿ. ಅದಕ್ಕೂ ಇದೇ ಅಳತೆಯ ಸ್ಕ್ರೂ ಎಂದು ನಿಗದಿಯಾಗಿದೆ.

ಚೂಟಿ ಟ್ರೇಯಲ್ಲಿ ಕಾಲದ್ದಿ ಕಲ್ಲಿನ ಮೇಲೆ ನಡೆಯುತ್ತಾಳೆ. ಬಲಗಾಲಿನದು ಇಡಿಯಾಗಿ ಅಂಟಿದ ಹೆಜ್ಜೆ. ಎಡಗಾಲಿನದು ನೋಡಬೇಕು! ಹಿಮ್ಮಡಿಯ ದುಂಡು, ಹೊರಬದಿಯ ತೆಳುಪಟ್ಟಿ, ಒಳಬದಿಯಲ್ಲಿ ಅರ್ಧಚಂದ್ರದಂಥ ಒಣಜಾಗ, ಮುಂದೆ ಹೆಬ್ಬೆರಳಿನ ಗಟ್ಟಿ ಗುರುತು. ಪಾಠದ ಪುಸ್ತಕದಿಂದ ಇಳಿದು ಬಂದ ಹಾಗಿದೆ. ಅಪ್ಪ ಮೊಬೈಲ್ ತೆಗೆದು ಬಗ್ಗಿ ಫೋಟೋ ಹೊಡೆಯುತ್ತಾರೆ. ಬೆಂಚಿನ ಮೇಲಿದ್ದ ಇಬ್ಬರು ತಾಯಂದಿರು ಚಪ್ಪಾಳೆ ತಟ್ಟುತ್ತಾರೆ.

"ಪ್ರತಿ ಸಲ ಬಂದಾಗಲೂ ಒಂದು ಫೋಟೋ ತೆಗೀತೀನಿ ಸಾರ್," ಎಂದು ಅಪ್ಪ ನನಗೆ ತೋರಿಸುತ್ತಾರೆ. "ಮನೆಯವರಿಗೆಲ್ಲ ಕಳಿಸ್ತೀನಿ. ಇವಳ ಅತ್ತೆ ಅಂತೂ ಈ ಹೆಜ್ಜೆನೇ ಫೋನಿನ ಮುಖಕ್ಕೆ ಹಾಕ್ಕೊಂಡಿದಾಳೆ. ನನ್ನ ಮಗಳು ಮೆಟ್ಟಿಲು ಹತ್ತೋಕೆ ಅಳೋಳು ಸಾರ್. ಎತ್ಕೊಂಡು ಹೋಗ್ತಿದ್ದೆ. ಈಗ ನೋಡಿ!"

ಚೂಟಿ ಅಪ್ಪನ ಮುಖವನ್ನೇ ನೋಡುತ್ತಾ ನಿಂತಿದ್ದಾಳೆ. ಚಪ್ಪಾಳೆ ತಟ್ಟದವರು ಕೋಣೆಯಲ್ಲಿ ಒಬ್ಬರೇ, ನೀರಕ್ಕ. ಅವರು ಹೆಜ್ಜೆಯ ಪಕ್ಕ ಮಂಡಿಯೂರಿ, ಅದು ಒಣಗಿ ಮಾಯವಾಗುವವರೆಗೂ ಅಲ್ಲೇ ಇರುತ್ತಾರೆ. "ಆಯ್ತು ಪುಟ್ಟಿ, ಅಲ್ಲಿ ಕೂತ್ಕೋ," ಎನ್ನುತ್ತಾರೆ, ಅಷ್ಟೆ. ಎಂಥ ಜಿಪುಣತನ ಅಂತ ನನಗೂ ಅನ್ನಿಸುತ್ತದೆ. ಒಂದು ಶಭಾಷ್ ಹೇಳಿದರೆ ಗಂಟೇನು ಹೋಗುತ್ತದೆ?

ನೀರಕ್ಕ ಹೊರಗೆ ನೀರು ಚೆಲ್ಲಲು ಹೋದಾಗ ಅದನ್ನೇ ಕೇಳುತ್ತೇನೆ. ಖಾಲಿ ಟ್ರೇ ಹಿಡಿದು ನಿಂತು ಅವರು ಹಳೆಯ ಒಂದು ಸಂಗತಿ ಹೇಳುತ್ತಾರೆ. ಎಷ್ಟೋ ವರ್ಷದ ಹಿಂದೆ ಎರಡು ಜಡೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳ ಕಾಲಿಗೂ ಸ್ಕ್ರೂ ಹಾಕಿದ್ದರು. "ಅವಳ ಹೆಜ್ಜೆ ಅಷ್ಟು ಚೆಂದ ಮೂಡೋದು. ನಾನು ಕುಣಿದಾಡಿಬಿಡ್ತಿದ್ದೆ. ಎರಡು ಕೈಯಲ್ಲಿ ಚಪ್ಪಾಳೆ ಹೊಡೆದು, ಬೇರೆ ಮಕ್ಕಳನ್ನ ಕರೆದು ತೋರಿಸ್ತಿದ್ದೆ. ನೋಡ್ರೋ, ಹೆಜ್ಜೆ ಅಂದ್ರೆ ಹೀಗಿರ್ಬೇಕು ಅಂತ."

ಒಂದು ದಿನ ಅವಳು ಹೋದಳು ಅಂದುಕೊಂಡು ನೀರಕ್ಕ ಬಕೆಟ್ ತರಲು ಕೋಣೆಗೆ ಬಂದರೆ, ಹುಡುಗಿ ಬಾಗಿಲ ಹಿಂದೆ ಕೂತು ತನ್ನ ಕಾಲುಚೀಲವನ್ನೇ ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಸದ್ದು ಹೊರಗೆ ಬರಬಾರದಲ್ಲ. ಸ್ಕ್ರೂ ಅವಳ ಕಾಲಿಗೆ ಒಗ್ಗಿರಲಿಲ್ಲ, ಪಾದ ಹೊರಕ್ಕೆ ವಾಲುತ್ತಿತ್ತು. ಕಲ್ಲಿನ ಮೇಲೆ ಮಾತ್ರ ನೋವು ನುಂಗಿಕೊಂಡು ಹೆಬ್ಬೆರಳು ಒತ್ತಿ ಚೆಂದದ ಹೆಜ್ಜೆ ಇಡುತ್ತಿದ್ದಳು. "ಯಾಕಮ್ಮಾ ಹೇಳಲಿಲ್ಲ ಅಂದರೆ, ನೀವು ಚಪ್ಪಾಳೆ ತಟ್ತೀರಲ್ಲ, ಅದಕ್ಕೆ ಅಂದಳು. ತಿಂಗಳಾನುಗಟ್ಟಲೆ ಆ ಮಗು ನನ್ನ ಚಪ್ಪಾಳೆಗೋಸ್ಕರ ನೋವು ತಿಂದಿದೆ. ಅವತ್ತಿಂದ ಈ ಕೈ ಚಪ್ಪಾಳೆ ತಟ್ಟಿಲ್ಲ." ಆ ಹುಡುಗಿಯ ಸ್ಕ್ರೂ ತೆಗೆಯಬೇಕಾಯಿತು. ನಡಿಗೆ ತಿದ್ದಲು ತುಂಬ ಕಾಲ ಹಿಡಿಯಿತು. ಈಗ ಅವಳು ದೊಡ್ಡವಳಾಗಿ ಚೆನ್ನಾಗಿದ್ದಾಳೆ ಎನ್ನುವಾಗ ನೀರಕ್ಕನ ಮುಖ ಸ್ವಲ್ಪ ಸಡಿಲವಾಗುತ್ತದೆ.

ಅದಾದ ಮೇಲೆ ಅವರು ತಮ್ಮದೇ ಒಂದು ದಾರಿ ಹುಡುಕಿಕೊಂಡಿದ್ದಾರೆ. ಪ್ರತಿ ಮಗುವಿಗೂ ಎರಡು ಹೆಜ್ಜೆ ಇರುತ್ತದಂತೆ. ಒಂದು ತೋರಿಸುವ ಹೆಜ್ಜೆ, ಇನ್ನೊಂದು ಮರೆತ ಹೆಜ್ಜೆ. ನಡೆದು ತೋರಿಸು ಅಂದರೆ ಮೊದಲನೆಯದು ಸಿಗುತ್ತದೆ. ಎರಡನೆಯದಕ್ಕೆ ಏನಾದರೂ ನೆಪ ಬೇಕು. ಆ ಚೆಂಡು ತಗೊಂಡು ಬಾ, ಈ ಕಿಟಕಿ ಹಾಕು, ಲಿಫ್ಟ್ ಮಾಮ ಬಂದ್ರಾ ನೋಡು. ಮಗು ಹೋಗಿ ಬರುವಷ್ಟರಲ್ಲಿ ನೀರಕ್ಕನ ಕೆಲಸ ಆಗಿರುತ್ತದೆ. ಅವರು ಇದನ್ನು ಹೇಳಿದಾಗ ಡಾಕ್ಟರು ಕೂಡಲೇ ಒಪ್ಪಿದರಂತೆ. ಡಾಕ್ಟರನ್ನು ನಾನು ಆಮೇಲೆ ಕೇಳಿದಾಗ ಅವರೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, "ನನ್ನ ಮುಂದೆ ಮಕ್ಕಳು ಪರೀಕ್ಷೆಗೆ ಕೂತ ಹಾಗೆ ನಡೀತಾರೆ. ಅವರು ಆಟ ಆಡುವಾಗ ಹೇಗೆ ನಡೀತಾರೆ ಅಂತ ನೋಡೋಕೆ ಒಬ್ಬರು ಬೇಕಿತ್ತು."

"ಚೂಟಿ ಮೇಲೆ ಅನುಮಾನವಾ?" ಎಂದು ಕೇಳುತ್ತೇನೆ.

"ಹೆಬ್ಬೆರಳು ನೋಡಿದ್ರಾ? ತುಂಬಾ ಗಟ್ಟಿ ಮೂಡಿತ್ತು. ಯಾರೂ ಅಷ್ಟು ಒತ್ತಿ ನಡೆಯಲ್ಲ. ಅನುಮಾನ ಅಂತಲ್ಲ, ಸುಮ್ಮನೆ ಬಿಡೋಕೆ ಮನಸ್ಸು ಒಪ್ತಿಲ್ಲ. ಮುಂದಿನ ವಾರ ಇನ್ನೊಂದು ಕಾಲಿಗೂ ಅದೇ ಅಳತೆಯದನ್ನ ಹಾಕ್ತಾರೆ. ನಾನು ಸುಮ್ಮನಿದ್ದು ಆಮೇಲೆ ಬಾಯಿ ಬಾಯಿ ಬಡ್ಕೊಂಡರೆ ಏನು ಬಂತು?"

ಚೂಟಿ ಹೆಸರಿಗೆ ತಕ್ಕ ಹುಡುಗಿ. ಚೆಂಡು ತಾ ಎಂದರೆ ಚೆಂದದ ಹೆಜ್ಜೆಯಲ್ಲೇ ಹೋಗಿ ತರುತ್ತಾಳೆ. ಕಿಟಕಿ ಹಾಕು ಎಂದರೆ ಅದೇ ಗಟ್ಟಿ ಹೆಬ್ಬೆರಳು. ನೀರಕ್ಕನ ನೆಪಗಳೆಲ್ಲ ಅವಳಿಗೆ ಬಾಯಿಪಾಠ. ಮೂರು ತಿಂಗಳಿಂದ ಬೆಂಚಿನ ಮೇಲೆ ಕೂತು ಬೇರೆ ಮಕ್ಕಳ ಮೇಲೆ ಆ ನೆಪಗಳ ಪ್ರಯೋಗ ನೋಡಿದವಳಲ್ಲವೇ! ಅಪ್ಪ ಚಹಾ ಕುಡಿದು ಬರಲು ಹೊರಗೆ ಹೋಗಿದ್ದಾರೆ. ನೀರಕ್ಕ ಒಂದು ಕ್ಷಣ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಆಮೇಲೆ ಒಳಗಿಂದ ಒಂದು ಸ್ಟೀಲ್ ಲೋಟ ತಂದು, ಅಂಚಿನವರೆಗೆ ನೀರು ತುಂಬುತ್ತಾರೆ. ಇನ್ನೊಂದು ತೊಟ್ಟು ಹಾಕಿದರೆ ಚೆಲ್ಲುತ್ತದೆ.

"ಪುಟ್ಟಿ, ಇದನ್ನ ಆ ಕಿಟಕಿ ಮೇಲಿರೋ ಗಿಡಕ್ಕೆ ಹಾಕ್ಬೇಕು. ಒಂದು ತೊಟ್ಟು ಚೆಲ್ಲಿದರೂ ಮತ್ತೆ ತುಂಬಿಸ್ತೀನಿ. ಕಾಲು ಅದ್ದಿಕೊಂಡು ಹೋಗು, ನಾನು ಆ ಕಡೆ ಬಟ್ಟೆ ಮಡಿಸ್ತಿರ್ತೀನಿ."

ಚೂಟಿ ಎರಡೂ ಕೈಯಲ್ಲಿ ಲೋಟ ಹಿಡಿಯುತ್ತಾಳೆ. ಕಣ್ಣು ನೀರಿನ ಮೇಲೆ ನೆಟ್ಟಿದೆ. ನಾಲಗೆ ತುದಿ ತುಟಿಯಂಚಿಗೆ ಬಂದಿದೆ. ಉಸಿರು ಬಿಗಿಹಿಡಿದು ಒಂದೊಂದೇ ಹೆಜ್ಜೆ ಇಡುತ್ತಾಳೆ. ಲೋಟ ಗಿಡದ ಕುಂಡ ತಲುಪುತ್ತದೆ, ಒಂದು ತೊಟ್ಟೂ ಚೆಲ್ಲಿಲ್ಲ. ಗೆದ್ದ ಖುಷಿಯಲ್ಲಿ ತಿರುಗಿದವಳ ಕಣ್ಣು ನೆಲದ ಮೇಲೆ ಬೀಳುತ್ತದೆ, ಕೂಡಲೇ ಮುಖ ಬಾಡುತ್ತದೆ.

ನೆಲದ ಮೇಲಿನ ಎಡಹೆಜ್ಜೆ ಈಗ ಬೇರೆಯೇ ಆಗಿದೆ. ಹೊರ ಅಂಚಿನ ಒಂದು ಗೆರೆ ಮಾತ್ರ ಇದೆ. ಹಿಮ್ಮಡಿಯ ಅರ್ಧ ಭಾಗ ಮೂಡಿಲ್ಲ. ಹೆಬ್ಬೆರಳು ಇರಬೇಕಾದ ಕಡೆ ಒಣಕಲ್ಲು. ಮನಸ್ಸೆಲ್ಲ ಲೋಟದಲ್ಲಿದ್ದಾಗ ಕಾಲು ತನಗೆ ನೋಯದ ಹಾಗೆ ತಾನೇ ವಾಲಿಕೊಂಡು ನಡೆದಿದೆ. ನನ್ನಂಥ ಏನೂ ತಿಳಿಯದವನಿಗೂ ಅದು ಕಾಣುತ್ತದೆ.

ನೀರಕ್ಕ ಬೈಯುವುದಿಲ್ಲ, ಅಯ್ಯೋ ಪಾಪ ಅನ್ನುವುದೂ ಇಲ್ಲ. ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿ, ತಾವು ಗೋಣಿತಾಟಿನ ಮೇಲೆ ಮಂಡಿಯೂರಿ, ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಟವೆಲಿನಲ್ಲಿ ಒರೆಸುತ್ತಾರೆ. "ನನ್ನ ಮಂಡಿ ಇದೆಯಲ್ಲ, ಕೂತು ಏಳುವಾಗ ಜೀವ ಹೋಗುತ್ತೆ. ಉಳಿದ ಹೊತ್ತು ಸುಮ್ಮನಿರುತ್ತೆ, ಕಳ್ಳ. ನಿಂದು ಯಾವಾಗ?"

ಟವೆಲ್ ಬೆರಳ ಸಂದಿಗಳಲ್ಲಿ ಓಡಾಡುತ್ತದೆ.

"ಶಾಲೆ ಮೆಟ್ಟಿಲು ಇಳಿಯುವಾಗ," ಎಂದು ಚೂಟಿ ಪಿಸುಗುಡುತ್ತಾಳೆ. "ಆಮೇಲೆ ಓಡುವಾಗ. ಅದಕ್ಕೇ ಓಡಲ್ಲ ನಾನು." ಲೋಟದ ನೀರು ಚೆಲ್ಲಗೊಡದವಳು ಈಗ ಕಣ್ಣೀರು ಚೆಲ್ಲುತ್ತಾಳೆ. "ನೀರಕ್ಕಾ, ಅಪ್ಪಂಗೆ ಹೇಳ್ಬೇಡಿ. ಅಪ್ಪ ಎಲ್ಲರಿಗೂ ಫೋಟೋ ಕಳಿಸ್ಬಿಟ್ಟಿದಾರೆ."

ನನಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಹತ್ತು ವರ್ಷದ ಮಗುವೊಂದು ಅಪ್ಪನ ಸಂತೋಷ ಕೆಡಬಾರದೆಂದು ಇಷ್ಟು ದಿನ ಹಲ್ಲು ಕಚ್ಚಿಕೊಂಡಿದೆ! ನೀರಕ್ಕನ ಕೈ ಮಾತ್ರ ನಿಲ್ಲುವುದಿಲ್ಲ. "ಹೇಳಲ್ಲ ಅಂತ ಮಾತು ಕೊಡೋಕೆ ಆಗಲ್ಲ ಪುಟ್ಟಿ. ಸುಳ್ಳು ಮಾತು ಕೊಟ್ಟ ಹಾಗಾಗುತ್ತೆ. ನಾವಿಬ್ಬರೂ ಸೇರಿ ಹೇಳೋಣ. ನೀನು ಶುರು ಮಾಡು, ಹೇಳೋಕಾಗದೆ ಹೋದರೆ ನಾನು ಮುಗಿಸ್ತೀನಿ."

ಅಪ್ಪ ಬರುತ್ತಾರೆ. ಚೂಟಿ ಶುರು ಮಾಡುತ್ತಾಳೆ, ಎರಡನೇ ಮಾತಿಗೇ ನೀರಕ್ಕನ ಕಡೆ ತಿರುಗುತ್ತಾಳೆ, ನೀರಕ್ಕ ಮುಗಿಸುತ್ತಾರೆ. ಡ್ರೈವರ್ ಅಣ್ಣ ಮೊದಲು ನಂಬುವುದಿಲ್ಲ. "ಎಕ್ಸ್‌ರೇಲಿ ಎಲ್ಲಾ ಸರಿ ಇದೆ ಅಂದ್ರಲ್ಲಕ್ಕಾ? ಮುಂದಿನ ವಾರಕ್ಕೆ ರಜಾನೂ ಹಾಕಿದೀನಿ," ಎನ್ನುತ್ತಾ ಸಿಟ್ಟಿಗೇಳುತ್ತಾರೆ. ನೀರಕ್ಕ ಜಗಳಕ್ಕೆ ಹೋಗುವುದಿಲ್ಲ. ಎರಡು ಜಡೆಯ ಹುಡುಗಿಯ ಕಥೆಯನ್ನು ಅವರಿಗೂ ಹೇಳುತ್ತಾರೆ, ತಮ್ಮ ಚಪ್ಪಾಳೆಯನ್ನೂ ಬಿಡದೆ. ಕೇಳುತ್ತಾ ಕೇಳುತ್ತಾ ಆ ದೊಡ್ಡ ಮನುಷ್ಯ ನೆಲದ ಮೇಲೇ ಕೂತುಬಿಡುತ್ತಾರೆ. ಕೈಯಲ್ಲಿದ್ದ ಫೋನನ್ನು ಮಗುಚಿ ಪಕ್ಕಕ್ಕಿಡುತ್ತಾರೆ.

"ನನ್ನ ಹತ್ತಿರ ಹೇಳೋಕೂ ಭಯವಾಯ್ತಾ ಕಂದಾ?" ಎನ್ನುತ್ತಾರೆ.

"ಭಯ ಅಲ್ಲಪ್ಪಾ," ಎನ್ನುತ್ತಾಳೆ ಚೂಟಿ. "ನೀನು ಅಷ್ಟು ನಗ್ತಿದ್ದೆ."

ಅಂದೇ ಮಧ್ಯಾಹ್ನ ಫಿಸಿಯೋ ಮೇಡಂ ಬಂದು ನೋಡುತ್ತಾರೆ, ಡಾಕ್ಟರು ಬಂದು ನೋಡುತ್ತಾರೆ. ಕಾಲಿನ ಹೊರಬದಿಯ ಗಿಣ್ಣಿನ ಕೆಳಗೆ, ಸ್ಕ್ರೂ ಇರುವ ಕಡೆ ಬೆರಳಿಟ್ಟರೆ ಚೂಟಿ ಈಗ ಮುಚ್ಚಿಡದೆ ಚೀರುತ್ತಾಳೆ. ಬಲಗಾಲಿನ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಹಾಕುವಾಗ ಅಳತೆ ಸರಿಯಾಗೇ ಕೂತಿತ್ತು, ಕೆಲವರ ಕಾಲು ಆಮೇಲೆ ತಕರಾರು ತೆಗೆಯುತ್ತದೆ, ಇದು ಗೊತ್ತಿರುವ ವಿಷಯವೇ, ಹೆದರಬೇಕಾಗಿಲ್ಲ ಎಂದು ಡಾಕ್ಟರು ಅಪ್ಪನ ಹೆಗಲ ಮೇಲೆ ಕೈಯಿಟ್ಟು ವಿವರಿಸುತ್ತಾರೆ. ಮೊದಲು ವಿಶ್ರಾಂತಿ, ವ್ಯಾಯಾಮ. ನೋವು ಇಳಿಯದಿದ್ದರೆ ಇದನ್ನು ತೆಗೆದು ಒಂದು ಅಳತೆ ಚಿಕ್ಕದನ್ನು ಹಾಕುವುದು. ಚೂಟಿ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳುತ್ತಾಳೆ, "ಚಿಕ್ಕದು ಹಾಕಿದರೆ ಹೆಜ್ಜೆ ಚೆಂದ ಬರಲ್ವಾ?" ಡಾಕ್ಟರು ನಗುತ್ತಾ, "ಅಷ್ಟೊಂದು ಚೆಂದ ಬರಲ್ಲಮ್ಮಾ," ಎಂದು ನಿಜವನ್ನೇ ಹೇಳುತ್ತಾರೆ.

ಸಂಜೆ ನೀರಕ್ಕ ಬಟ್ಟೆಗಳನ್ನು ಹಿಂಡಿ ಒಣಹಾಕುತ್ತಿದ್ದಾರೆ. ನಾನು ಹೊಗಳಲು ಬಾಯಿ ತೆರೆಯುವುದಕ್ಕೂ ಅವರು ತಡೆಯುವುದಕ್ಕೂ ಸರಿಹೋಗುತ್ತದೆ. "ನಾನು ಕಂಡು ಹಿಡಿದೆ ಅಂತ ಬರೀಬೇಡಿ ಮತ್ತೆ. ಮಗು ಒಂದು ತಿಂಗಳಿಂದ ಹೀಗೆ ಒತ್ತಿ ನಡೆದಿದೆ. ನನಗೆ ಕಂಡಿದ್ದು ಇವತ್ತು." ಅವರಿಗೆ ಬೇಸರವಾಗಿದೆ, ಅದನ್ನು ಬಚ್ಚಿಡುವ ಗೋಜಿಗೂ ಹೋಗುವುದಿಲ್ಲ. ಏನಾದರೂ ಆಸೆ ಇದೆಯೇ, ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದರೆ ಮಾತ್ರ ಮುಖ ಅರಳುತ್ತದೆ. ಈ ವಿಭಾಗ ಇನ್ನೇನು ಹೊಸ ಕಟ್ಟಡಕ್ಕೆ ಹೋಗಲಿದೆ. ಅಲ್ಲಿ ನೆಲಕ್ಕೆಲ್ಲ ಹಾಲಿನಂಥ ಬಿಳಿ ಟೈಲ್ಸ್. ಬಿಳಿ ಟೈಲ್ಸ್ ಮೇಲೆ ಒದ್ದೆ ಹೆಜ್ಜೆ ಕಾಣುವುದೇ ಇಲ್ಲ. "ಬಾಗಿಲಿಂದ ಕಿಟಕಿವರೆಗೆ ಒಂದು ಮಗು ನಡೆದು ಹೋಗುವಷ್ಟು ಈ ಕಪ್ಪು ಕಲ್ಲು ಕಿತ್ತು ಅಲ್ಲಿಗೆ ಹಾಕಿಸಿಕೊಟ್ಟರೆ ಸಾಕು. ಸವೆದಿದೆ ಅಂತ ಎಸೆಯೋದು ಬೇಡ. ಪಾಲಿಷ್ ಸವೆದಿರೋದಕ್ಕೇ ಜಾರಲ್ಲ ಅದು." ಇಂಜಿನಿಯರ್ ಸಾಹೇಬರಿಗೆ ಹೇಳಿದ್ದಾರಂತೆ. ನೋಡೋಣ ಅಂದಿದ್ದಾರಂತೆ.

ಸುಮಾರು ಮೂರು ತಿಂಗಳ ಮೇಲೆ ಮತ್ತೊಂದು ಮುಂಜಾನೆ ನಾನು ಅಲ್ಲಿಗೆ ಹೋಗುತ್ತೇನೆ. ಹೊಸ ಕಟ್ಟಡದ ಕೆಲಸ ಇನ್ನೂ ಮುಗಿದಿಲ್ಲ, ಕಲ್ಲಿನ ವಿಷಯ ಇನ್ನೂ ನೋಡೋಣ ಎಂಬಲ್ಲೇ ಇದೆ. ನೀರಕ್ಕ ಅದೇ ಕಲ್ಲಿನ ಮೇಲೆ ಅದೇ ಗೋಣಿತಾಟು ಹಾಕಿಕೊಂಡು ಕೂತಿದ್ದಾರೆ. ವಿಶ್ರಾಂತಿಗೆ ನೋವು ಬಗ್ಗದೆ ಚೂಟಿಯ ಎಡಗಾಲಿನ ಸ್ಕ್ರೂ ಬದಲಾಗಿದೆ, ಈಗಿರುವುದು ಒಂದು ಅಳತೆ ಚಿಕ್ಕದು. ಬಲಗಾಲಿನ ಮಾತು ಮುಂದಿನ ವರ್ಷಕ್ಕೆ. ಪಟ್ಟಿ ಬಿಚ್ಚಿ ಕೆಲವು ವಾರಗಳಾಗಿವೆ. ಈ ದಿನಗಳಲ್ಲಿ ಅವಳು ಕಲ್ಲಿನ ಮೇಲೆ ಎಚ್ಚರದಿಂದಲೇ ನಡೆದಿದ್ದಾಳೆ. ಕಾಲು ನೋಯುತ್ತಿಲ್ಲ, ಆದರೂ ನೋಯಬಹುದೆಂಬ ಅಂಜಿಕೆ ಅವಳನ್ನು ಬಿಟ್ಟಿಲ್ಲ. ತುಂಬಿದ ಲೋಟದ ಉಪಾಯ ಈಗ ಅವಳಿಗೆ ಗೊತ್ತು, ಮತ್ತೆ ಅದು ನಡೆಯುವುದಿಲ್ಲ. ನೀರಕ್ಕ ಹೊಸ ನೆಪ ಹುಡುಕುವುದನ್ನೇ ಬಿಟ್ಟಿದ್ದಾರೆ. "ತಾನಾಗೇ ಮರೀಬೇಕು. ಮರೆಯೋದನ್ನ ಹೇಳಿಕೊಡೋಕಾಗಲ್ಲ," ಎನ್ನುತ್ತಾರೆ.

ಅಪ್ಪ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಾರೆ. ಫೋನು ಜೇಬಿನಲ್ಲಿದೆ. ಚೂಟಿ ಶಾಲೆಯ ಸಮವಸ್ತ್ರದಲ್ಲಿ ಟ್ರೇಯೊಳಗೆ ನಿಂತು, ನೆಲ ನೋಡುತ್ತಾ, ಮೊದಲ ಹೆಜ್ಜೆಗೆ ಅಳೆದೂ ಸುರಿದೂ ತಯಾರಾಗುತ್ತಿದ್ದಾಳೆ. ಅಷ್ಟರಲ್ಲಿ ಹೊರಗೆ ಶಾಲೆಯ ವ್ಯಾನು ಹಾರನ್ ಹೊಡೆಯುತ್ತದೆ. ಇವತ್ತು ಅವಳನ್ನು ಇಲ್ಲಿಂದಲೇ ಹತ್ತಿಸಿಕೊಳ್ಳಲು ಬಂದಿದೆ. ಕಿಟಕಿಯಾಚೆ ನಾಲ್ಕಾರು ಕೈಗಳು ಬೀಸುತ್ತಿವೆ, ಯಾರೋ, "ಚೂಟೀ, ಬಾರೇ! ಮುಂದಿನ ಸೀಟು!" ಎಂದು ಕಿರುಚುತ್ತಾರೆ.

ಮುಂದಿನ ಸೀಟೆಂದರೆ ಸಾಮಾನ್ಯವೇ! ಚೂಟಿ ಟ್ರೇಯಿಂದ ನೆಗೆಯುತ್ತಾಳೆ. ನೀರು ಸುತ್ತ ಚಿಮ್ಮುತ್ತದೆ. ಕಪ್ಪು ಕಲ್ಲಿನ ಉದ್ದಕ್ಕೂ ದಡದಡ ಓಡಿ, ಬಾಗಿಲಲ್ಲಿದ್ದ ಶೂ ಎರಡನ್ನೂ ಕೈಗೆತ್ತಿಕೊಂಡು, ಒದ್ದೆ ಕಾಲಲ್ಲೇ ಹೊರಗೆ ಮಾಯ. ಮೆಟ್ಟಿಲು ಇಳಿದ ಸದ್ದೂ ಕೇಳುತ್ತದೆ, ಎಲ್ಲೂ ತಡೆಯದ ಸದ್ದು.

"ಏಯ್! ನೀರಕ್ಕಂಗೆ ಹೇಳಿ ಹೋಗ್ಬೇಕು ಅನ್ನೋ ಜ್ಞಾನ ಬೇಡ್ವೇನೇ!" ಎಂದು ಅಪ್ಪ ಕೂಗುತ್ತಾ ಎದ್ದು ಬಾಗಿಲಿಗೆ ಧಾವಿಸುತ್ತಾರೆ.

"ಅಯ್ಯೋ, ಕೂಗಬೇಡಿ ಅಣ್ಣಾ, ಬನ್ನಿ ಇಲ್ಲಿ. ಒಣಗಿಹೋಗೋದರೊಳಗೆ ನೋಡಿ."

ಅಪ್ಪನೂ ಮಂಡಿಯೂರುತ್ತಾರೆ, ಅವರ ಪಕ್ಕ ನಾನು. ಎಡಹೆಜ್ಜೆ ಪುಸ್ತಕದಲ್ಲಿರುವಂಥದ್ದಲ್ಲ. ನಡುವಿನ ಪಟ್ಟಿ ಕೊಂಚ ಅಗಲವಾಗಿಯೇ ಇದೆ, ಅರ್ಧಚಂದ್ರ ಸಣ್ಣದಾಗಿದೆ. ಆದರೆ ಹಿಮ್ಮಡಿ ಪೂರ್ತಿ ಊರಿದೆ, ಮುಂಗಾಲು ಪೂರ್ತಿ ಊರಿದೆ, ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಹಗುರವಾಗಿ ಬಿದ್ದಿದೆ. ಅಪ್ಪನ ಕೈ ಜೇಬಿನವರೆಗೆ ಹೋಗಿ, ಅಲ್ಲೇ ನಿಂತು, ಖಾಲಿಯಾಗಿ ವಾಪಸ್ ಬರುತ್ತದೆ. ಆ ಕೈಯಿಂದ ಅವರು ಕಣ್ಣೊರೆಸಿಕೊಳ್ಳುತ್ತಾರೆ.

ಹೆಜ್ಜೆಗಳು ಬೆರಳ ಕಡೆಯಿಂದ ಒಂದೊಂದಾಗಿ ಒಣಗುತ್ತಿವೆ. ನೀರಕ್ಕ ಬಟ್ಟೆ ಕೈಯಲ್ಲೇ ಹಿಡಿದು, ಒರೆಸದೆ ನೋಡುತ್ತಾ ಕೂತಿದ್ದಾರೆ.

"ನಾನೊಬ್ಬಳು ಇಲ್ಲಿದೀನಿ ಅನ್ನೋದೇ ಅವಳಿಗೆ ನೆನಪಾಗಲಿಲ್ಲ ನೋಡಿ," ಎನ್ನುತ್ತಾರೆ. ಇಷ್ಟು ದಿನದಲ್ಲಿ ಅವರು ಅಷ್ಟು ಬೀಗಿದ್ದನ್ನು ನಾನು ನೋಡಿರಲಿಲ್ಲ.